ತಲೆ ಬಿಸಿಯಾದ ಸಂಜೆಗೆ ಕಾವಲಿಯ ಮೇಲೆ ಎರಡು ತುಂಡು ಅಂಜಲ್

"ಮನೆಯಲ್ಲಿ ಅಂಜಲ್ ಫ್ರೈ ಮಾಡಿದರೆ ಮಸಾಲೆಯೆಲ್ಲ ಕಾವಲಿಗೇ ಅಂಟಿಕೊಂಡು ಮೀನು ಬೋಳಾಗಿ ಏಳುತ್ತದೆ, ಏಕೆ?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಅದರ ಬೆನ್ನಿಗೇ ಇನ್ನೊಂದು: "ಕೆಲಸದ ಒತ್ತಡ ಇದ್ದ ದಿನ ಅಡುಗೆ ಮಾಡಿದರೆ ಮನಸ್ಸು ಹಗುರಾಗುತ್ತದೆ ಎನ್ನುತ್ತಾರೆ. ನನಗಂತೂ ಅಡುಗೆಮನೆಗೆ ಕಾಲಿಟ್ಟರೆ ಸಿಟ್ಟು ಇನ್ನೂ ಏರುತ್ತದೆ." ಎರಡೂ ಬೇರೆ ಬೇರೆ ದೂರುಗಳಂತೆ ಕಂಡರೂ ಮೂಲ ಒಂದೇ, ಆತುರ. ಒದ್ದೆ ಮೀನನ್ನು ಸರಿಯಾಗಿ ಕಾಯದ ಕಾವಲಿಗೆ ಹಾಕಿ, ಅರ್ಧ ನಿಮಿಷಕ್ಕೊಮ್ಮೆ ಸಟ್ಟುಗ ತೂರಿಸಿ ನೋಡಿದರೆ ಮಸಾಲೆಯೂ ಹೋಗುತ್ತದೆ, ಸಮಾಧಾನವೂ ಹೋಗುತ್ತದೆ.

ಹಾಗಾಗಿ ಎರಡಕ್ಕೂ ಸೇರಿಸಿ ಒಂದೇ ಲೇಖನ. ದಪ್ಪಗೆ ಕತ್ತರಿಸಿದ ಎರಡು ತುಂಡು ಅಂಜಲ್, ಬಿಸಿ ಅನ್ನ, ಪುನರ್ಪುಳಿ ಸಾರು. ಒಬ್ಬರಿಗೆ ಧಾರಾಳ, ಇಬ್ಬರಿಗೆ ಸಾಕು. ಅಂಗಡಿಯಿಂದ ಮೀನು ಬಂದ ಮೇಲೆ ಒಂದು ಗಂಟೆಯ ಕೆಲಸ. ಅದರಲ್ಲಿ ಅರ್ಧದಷ್ಟು ಹೊತ್ತು ಮೀನಿಗೆ ನಿಮ್ಮ ಕೈ ಬೇಕಾಗುವುದಿಲ್ಲ.

ಮೊದಲು ಒಂದು ಮಾತು

ದಣಿವಿನಲ್ಲಿ ಎರಡು ಬಗೆಯಿದೆ. ಮೈ ಸೋತು, ಕಣ್ಣು ಎಳೆಯುತ್ತಿದ್ದರೆ ಅಡುಗೆ ಬೇಡ. ಮೊಸರನ್ನ ತಿಂದು ಮಲಗಿ. ಬಿಸಿ ಎಣ್ಣೆಯ ಮುಂದೆ ತೂಕಡಿಸುವುದು ಒಳ್ಳೆಯದಲ್ಲ. ಮೈಯಲ್ಲಿ ಶಕ್ತಿಯಿದೆ, ಆದರೆ ತಲೆ ಮಾತ್ರ ಕಚೇರಿಯ ಮಾತನ್ನೇ ಮೆಲುಕು ಹಾಕುತ್ತಿದೆ, ಕುಳಿತಲ್ಲಿ ಕುಳಿತಿರಲಾಗುತ್ತಿಲ್ಲ ಎನ್ನುವ ಎರಡನೆಯ ಬಗೆಯ ದಣಿವಿಗೆ ಈ ಅಡುಗೆ ಹೇಳಿ ಮಾಡಿಸಿದ್ದು. ಮೀನು ಕಾವಲಿಯ ಮೇಲಿರುವ ಏಳೆಂಟು ನಿಮಿಷ ಬೇರೇನನ್ನೂ ಯೋಚಿಸಲು ಆಗುವುದಿಲ್ಲ. ಯೋಚಿಸಿದರೆ ಮೀನು ಸೀಯುತ್ತದೆ.

ವಾರಗಟ್ಟಲೆ ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ, ಯಾವುದರಲ್ಲೂ ಆಸಕ್ತಿಯಿಲ್ಲ ಎಂದಾದರೆ ಅದು ಒಲೆಯ ಮುಂದೆ ಬಗೆಹರಿಯುವ ವಿಷಯವಲ್ಲ, ವೈದ್ಯರನ್ನು ಕಾಣಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ.

ಅಂಜಲೇ ಏಕೆ?

ಅಂಜಲ್ ಎಂದರೆ ಕಾರವಾರದ ಕಡೆ ಇಸ್ವಾಣ, ತಮಿಳರ ವಂಜರಂ, ಮುಂಬೈಯವರ ಸುರ್ಮಾಯಿ. ಬಂಗುಡೆಯ ದೊಡ್ಡ ಬಂಧು. ನಡುವೆ ಒಂದೇ ಮುಖ್ಯ ಮೂಳೆ, ಸಣ್ಣ ಮುಳ್ಳುಗಳ ಕಾಟ ಬಹಳ ಕಡಿಮೆ. ಮಾಂಸ ಗಟ್ಟಿಯಾಗಿರುವುದರಿಂದ ಅಡ್ಡಕ್ಕೆ ದಪ್ಪ ತುಂಡು ಹಾಕಿದರೂ ಕಾವಲಿಯ ಮೇಲೆ ಒಡೆಯುವುದಿಲ್ಲ. ಪಾಶ್ಚಾತ್ಯರು ಸ್ಟೇಕ್ ಎನ್ನುವಾಗ ಹೇಳುವುದು ಇಂಥದೇ ದಪ್ಪ ತುಂಡನ್ನು. ಹೊರಗೆ ಕಂದು ಹೊರಪದರ, ಒಳಗೆ ರಸ ಉಳಿದಿರಬೇಕು, ಅಷ್ಟೇ ಅದರ ಗುಟ್ಟು. ಕೆರೆಯ ಕಾಟ್ಲಾ, ರೋಹುಗಳ ರುಚಿಯ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕವಲು ಮುಳ್ಳು ಹುಡುಕುತ್ತ ಊಟ ಮಾಡುವ ದಿನ ಇದಲ್ಲ.

ಏನೇನು ಬೇಕು

ಮೀನಿಗೆ: ಸುಮಾರು 2 ಸೆಂಟಿಮೀಟರ್ ದಪ್ಪದ ಎರಡು ಅಂಜಲ್ ತುಂಡು, ಒಟ್ಟು 350ರಿಂದ 400 ಗ್ರಾಂ. ಬ್ಯಾಡಗಿ ಮೆಣಸಿನ ಪುಡಿ 2 ಟೀ ಚಮಚ, ಖಾರದ ಮೆಣಸಿನ ಪುಡಿ ಅರ್ಧ ಟೀ ಚಮಚ, ಕೊತ್ತಂಬರಿ ಪುಡಿ ಅರ್ಧ ಟೀ ಚಮಚ, ಕಾಳುಮೆಣಸಿನ ಪುಡಿ ಕಾಲು ಟೀ ಚಮಚ, ಅರಿಸಿನ ಅರ್ಧ ಟೀ ಚಮಚ, ಜಜ್ಜಿದ ಶುಂಠಿ ಬೆಳ್ಳುಳ್ಳಿ 1 ಟೀ ಚಮಚ, ದಪ್ಪ ಹುಣಸೆ ರಸ 1 ಊಟದ ಚಮಚ, ಅಕ್ಕಿ ಹಿಟ್ಟು 1 ಟೀ ಚಮಚ, ಉಪ್ಪು. ಹೊರಗೆ ಹೊರಳಿಸಲು ನಾಲ್ಕು ಊಟದ ಚಮಚ ಚಿರೋಟಿ ರವೆ, ಅಂದರೆ ತೀರ ನುಣ್ಣಗಿನ ರವೆ. ಹುರಿಯಲು ತೆಂಗಿನೆಣ್ಣೆ ಮೂರು ಊಟದ ಚಮಚ, ಒಂದು ಎಸಳು ಕರಿಬೇವು.

ಸಾರಿಗೆ: ಒಣಗಿದ ಪುನರ್ಪುಳಿ ಸಿಪ್ಪೆ ಎಂಟು ಹತ್ತು, ಬೆಲ್ಲ, ಒಂದು ಹಸಿಮೆಣಸು, ಒಗ್ಗರಣೆಗೆ ಸಾಸಿವೆ, ಬೆಳ್ಳುಳ್ಳಿ, ಒಣಮೆಣಸು. ಪುನರ್ಪುಳಿಯನ್ನು ಉತ್ತರ ಕನ್ನಡದಲ್ಲಿ ಮುರುಗಲು ಎನ್ನುತ್ತಾರೆ, ಅಂಗಡಿಗಳಲ್ಲಿ ಕೋಕಂ ಎಂದು ಕೇಳಿದರೂ ಸಿಗುತ್ತದೆ.

ಕಾವಲಿ: ದೋಸೆ ಹೊಯ್ಯುವ ಬೀಡಿನ ಕಾವಲಿ ಇದ್ದರೆ ಅದಕ್ಕೆ ಸಮ ಬೇರೊಂದಿಲ್ಲ. ಬೀಡು ಎಂದರೆ ಎರಕದ ಕಬ್ಬಿಣ. ನಿಧಾನವಾಗಿ ಕಾಯುತ್ತದೆ, ಆದರೆ ತಣ್ಣನೆಯ ಮೀನು ಬಿದ್ದಾಗ ಕಾವನ್ನು ಬಿಟ್ಟುಕೊಡುವುದಿಲ್ಲ. ಹೊಸದಾಗಿ ಕಲಿಯುವವರಿಗೆ ನಾನ್‌ಸ್ಟಿಕ್ ಕಾವಲಿಯೂ ಆಗುತ್ತದೆ. ಅದನ್ನು ಮಾತ್ರ ಖಾಲಿಯಾಗಿ ಜೋರು ಉರಿಯಲ್ಲಿ ಕಾಯಿಸಬೇಡಿ, ಅತಿಯಾದ ಬಿಸಿಗೆ ಲೇಪನ ಕೆಟ್ಟು ಹೊಗೆ ಬಿಡುತ್ತದೆ.

1. ಮೀನು ಕೊಳ್ಳುವುದು

ಅರ್ಧ ಅಡುಗೆ ಇಲ್ಲೇ ಮುಗಿಯುತ್ತದೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ.

ಸಾಧ್ಯವಾದರೆ ಇಡೀ ಮೀನನ್ನು ನೋಡಿ, ನಿಮ್ಮ ಮುಂದೆಯೇ ತುಂಡು ಹಾಕಿಸಿಕೊಳ್ಳಿ. ಅಂಜಲಿನ ಬೆಳ್ಳಿ ಮೈಮೇಲೆ ಬೆನ್ನಿನಿಂದ ಹೊಟ್ಟೆಯತ್ತ ಇಳಿದ ಸಣ್ಣ ಅಲೆಯಂಥ ಕಪ್ಪುಗೆರೆಗಳಿರುತ್ತವೆ. ಕಣ್ಣು ಉಬ್ಬಿ ತಿಳಿಯಾಗಿರಬೇಕು, ಗುಳಿಬಿದ್ದು ಮಂಜಾಗಿದ್ದರೆ ಹಳತು. ಕಿವಿರು ಎತ್ತಿ ನೋಡಿದರೆ ಕೆಂಪಗಿರಬೇಕು, ಕಂದು ಬಣ್ಣಕ್ಕೆ ತಿರುಗಿದ್ದರೆ ಬೇಡ. ಬೆರಳಿನಿಂದ ಒತ್ತಿದರೆ ತಗ್ಗು ಉಳಿಯದೆ ಮಾಂಸ ಮೇಲೆ ಬರಬೇಕು. ವಾಸನೆ ಸಮುದ್ರದ್ದಾಗಿರಬೇಕು. ಮೂಗಿಗೆ ಚುಚ್ಚುವ ಘಾಟು ಬಂದರೆ ವ್ಯಾಪಾರಿ ಏನೇ ಹೇಳಲಿ, ಮುಂದಿನ ಅಂಗಡಿಗೆ ಹೋಗಿ.

ತುಂಡು ಮಾಡಿಟ್ಟದ್ದನ್ನೇ ಕೊಳ್ಳಬೇಕಾದರೆ ಕತ್ತರಿಸಿದ ಮುಖವನ್ನು ನೋಡಿ. ಮಾಂಸ ತೇವದಿಂದ ಹೊಳೆಯುತ್ತಿದ್ದು ನಡುಮೂಳೆಗೆ ಅಂಟಿಕೊಂಡಿರಬೇಕು. ಅಂಚು ಒಣಗಿ ಹಳದಿಯಾಗಿದ್ದರೆ, ಪದರಗಳ ನಡುವೆ ಬಿರುಕು ಬಿಟ್ಟಿದ್ದರೆ ಬಿಡಿ.

ಯಾವ ಭಾಗ ಕೇಳಬೇಕು? ಹೊಟ್ಟೆಯ ಕಡೆಯ ತುಂಡಿನಲ್ಲಿ ನಡುವೆ ಟೊಳ್ಳಿರುತ್ತದೆ, ಕೊಬ್ಬು ಹೆಚ್ಚು, ರುಚಿಯೂ ಹೆಚ್ಚು. ಆದರೆ ಹೊಟ್ಟೆಯ ತೆಳು ಅಂಚು ಬೇಗ ಬೇಯುತ್ತದೆ, ಬೆನ್ನಿನ ಭಾಗ ತಡವಾಗಿ ಬೇಯುತ್ತದೆ. ಬಾಲದತ್ತ ಹೋದಂತೆ ತುಂಡು ಗುಂಡಗೆ, ತುಂಬಿಕೊಂಡಿರುತ್ತದೆ, ಎಲ್ಲ ಕಡೆ ಒಂದೇ ಸಮನೆ ಬೇಯುತ್ತದೆ. ಮೊದಲ ಸಲ ಮಾಡುವವರು ಹೊಟ್ಟೆ ಮುಗಿದು ಬಾಲ ಸಣ್ಣದಾಗುವ ಮೊದಲಿನ ತುಂಡುಗಳನ್ನು ಕೇಳಿ. ದಪ್ಪದ ವಿಷಯದಲ್ಲಿ ಬಾಯಿ ಬಿಟ್ಟು ಹೇಳಲೇಬೇಕು, ಇಲ್ಲದಿದ್ದರೆ ತೆಳ್ಳಗೆ ಹಾಕಿಬಿಡುತ್ತಾರೆ. ತೆಳು ತುಂಡಿನಲ್ಲಿ ಹೊರಗೆ ಬಣ್ಣ ಬರುವಷ್ಟರಲ್ಲಿ ಒಳಗೆ ಒಣಗಿ ಹತ್ತಿಯಾಗಿರುತ್ತದೆ.

ದರ ಕೇಳುವಾಗ ಇಡೀ ಮೀನಿನ ತೂಕಕ್ಕೋ ಸ್ವಚ್ಛ ಮಾಡಿದ ತುಂಡಿನ ತೂಕಕ್ಕೋ ಎಂದು ಮೊದಲೇ ಕೇಳಿಕೊಳ್ಳಿ. ಇಡೀ ಮೀನಿನ ತೂಕವಾದರೆ ತಲೆಯನ್ನು ಬಿಟ್ಟು ಬರಬೇಡಿ, ಅದು ಮರುದಿನದ ಸಾರಿಗೆ.

ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ. ಮೀನು ಮೊಟ್ಟೆಯಿಟ್ಟು ಮರಿಗಳು ಬೆಳೆಯಲಿ ಎಂಬುದು ಉದ್ದೇಶ. ಆ ಹೊತ್ತಿನಲ್ಲಿ ಮಲ್ಪೆ, ಮಂಗಳೂರುಗಳಲ್ಲೇ ಅಂಜಲ್ ಅಪರೂಪ ಮತ್ತು ದುಬಾರಿ. ಒಳನಾಡಿನಲ್ಲಿ "ಇವತ್ತು ಬೆಳಗ್ಗೆ ಮಲ್ಪೆಯಿಂದ ಬಂದದ್ದು" ಎಂದರೆ ಸ್ವಲ್ಪ ಅನುಮಾನದಿಂದಲೇ ನೋಡಿ. ಒಳ್ಳೆಯ ಘನೀಕೃತ ಮೀನು ಅದಕ್ಕಿಂತ ಮೇಲು. ಅದನ್ನು ಹಿಂದಿನ ರಾತ್ರಿಯೇ ಫ್ರೀಜರಿನಿಂದ ತೆಗೆದು ಫ್ರಿಜ್ಜಿನ ಕೆಳಗಿನ ತಟ್ಟೆಗೆ ಇಳಿಸಿ. ಬಿಸಿನೀರಿನಲ್ಲಿ ಮುಳುಗಿಸಿ ಕರಗಿಸಿದರೆ ಹೊರಗೆ ಮೆತ್ತಗಾಗಿ ಒಳಗೆ ಮಂಜು ಉಳಿಯುತ್ತದೆ.

ಎಚ್ಚರಿಕೆ: ಅಂಜಲ್, ಬಂಗುಡೆ, ಕೇದರ (ಟ್ಯೂನಾ), ಇವೆಲ್ಲ ಒಂದೇ ಕುಲದವು. ಈ ಕುಲದ ಮೀನು ಬೆಚ್ಚಗಿನ ಜಾಗದಲ್ಲಿ ಗಂಟೆಗಟ್ಟಲೆ ಇದ್ದರೆ ಅದರಲ್ಲಿ ಹಿಸ್ಟಮಿನ್ ಎಂಬ ವಸ್ತು ಉಂಟಾಗುತ್ತದೆ. ಅಲರ್ಜಿಯಾದಾಗ ನಮ್ಮ ಮೈಯಲ್ಲಿ ಬಿಡುಗಡೆಯಾಗುವುದೂ ಇದೇ. ತಿಂದ ಸ್ವಲ್ಪ ಹೊತ್ತಿಗೆ ಮುಖ ಕೆಂಪೇರಿ, ತಲೆನೋವು, ತುರಿಕೆ ಬರಬಹುದು. ಬೇಯಿಸಿದರೆ ಅದು ಹೋಗುವುದಿಲ್ಲ, ಎಷ್ಟು ಹುರಿದರೂ ಅಷ್ಟೇ. ಆದ್ದರಿಂದ ಕಚೇರಿಗೆ ಹೋಗುವಾಗ ಮೀನು ಕೊಂಡು ಸಂಜೆಯವರೆಗೆ ಚೀಲದಲ್ಲಿಡುವ ಯೋಚನೆ ಬೇಡ. ಮನೆಗೆ ಬರುವಾಗ ಕೊಳ್ಳಿ, ಮಂಜುಗಡ್ಡೆ ಹಾಕಿಸಿಕೊಳ್ಳಿ, ಬಂದ ಕೂಡಲೇ ಫ್ರಿಜ್ಜಿಗೆ ಇಡಿ.

2. ಬಂದ ಕೂಡಲೇ ಮಾಡುವ ಕೆಲಸ

ಚಪ್ಪಲಿ ಬಿಟ್ಟು, ಮುಖ ತೊಳೆದು, ಬಟ್ಟೆ ಬದಲಿಸಿ. ಕಚೇರಿಯ ಬಟ್ಟೆಯಲ್ಲಿ ಮೀನು ಹುರಿದರೆ ನಾಳೆಯೂ ಅದರ ನೆನಪಿರುತ್ತದೆ. ಮೊಬೈಲನ್ನು ಇನ್ನೊಂದು ಕೋಣೆಯಲ್ಲಿ ಇಡಿ. ಸಮಯ ನೋಡಲು ಗೋಡೆ ಗಡಿಯಾರ ಸಾಕು. "ಒಂದೇ ಒಂದು ಮೇಲ್ ನೋಡಿಬಿಡುತ್ತೇನೆ" ಎಂದು ಕೈಗೆತ್ತಿಕೊಂಡರೆ ಕಚೇರಿ ಅಡುಗೆಮನೆಗೇ ಬಂದು ಕೂರುತ್ತದೆ. ಈ ನಿಯಮದಲ್ಲಿ ನಾನು ರಿಯಾಯಿತಿ ಕೊಡುವುದಿಲ್ಲ.

ಅನ್ನಕ್ಕೆ ಇಟ್ಟುಬಿಡಿ. ಅಂಜಲಿಗೆ ಜೋಡಿ ಕುಚ್ಚಲಕ್ಕಿಯೇ ಎಂದು ಕರಾವಳಿಯವರು ಪಟ್ಟು ಹಿಡಿಯುತ್ತಾರೆ, ನಾನೂ ಆ ಪಕ್ಷದವನೇ. ಆದರೆ ಅದು ಬೇಯಲು ಹೊತ್ತು ಬೇಕು. ಬೆಳಗ್ಗೆ ನೆನೆಸಿಟ್ಟಿದ್ದರೆ ಸರಿ, ಇಲ್ಲದಿದ್ದರೆ ಸೋನಾಮಸೂರಿ ಸಾಕು. ಪುನರ್ಪುಳಿ ಸಿಪ್ಪೆಯನ್ನು ಒಂದು ಲೋಟ ಬಿಸಿನೀರಿನಲ್ಲಿ ನೆನೆಸಿ.

3. ಉಪ್ಪು, ಅರಿಸಿನ, ಒಣ ಬಟ್ಟೆ

ತುಂಡಿನ ನಡುಮೂಳೆಯ ಪಕ್ಕದಲ್ಲಿ ಕಪ್ಪುಗೆಂಪು ರಕ್ತ ಹೆಪ್ಪುಗಟ್ಟಿರುತ್ತದೆ. ಹೆಬ್ಬೆರಳಿನ ಉಗುರಿನಿಂದ ಅದನ್ನು ಕೆರೆದು ತೆಗೆಯಿರಿ. "ಮೀನು ವಾಸನೆ" ಎಂದು ಮೂಗು ಮುರಿಯುವವರಿಗೆ ತೊಂದರೆ ಕೊಡುವುದು ಹೆಚ್ಚಾಗಿ ಇದೇ. ಒಮ್ಮೆ ತಣ್ಣೀರಿನಲ್ಲಿ ತೊಳೆಯಿರಿ, ಸಾಕು. ಕತ್ತರಿಸಿದ ತುಂಡನ್ನು ನಾಲ್ಕೈದು ನೀರಿನಲ್ಲಿ ತಿಕ್ಕಿದರೆ ರುಚಿಯೂ ನೀರಿನ ಜೊತೆ ಹೋಗುತ್ತದೆ.

ಅರ್ಧ ಟೀ ಚಮಚ ಉಪ್ಪು, ಕಾಲು ಟೀ ಚಮಚ ಅರಿಸಿನ ಎರಡೂ ಬದಿಗೆ ಸವರಿ, ಓರೆ ಮಾಡಿದ ತಟ್ಟೆಯಲ್ಲಿ ಹತ್ತು ನಿಮಿಷ ಇಡಿ. ತಟ್ಟೆಯ ತಗ್ಗಿನಲ್ಲಿ ಹಳದಿ ನೀರು ಇಳಿದು ನಿಲ್ಲುತ್ತದೆ. ಉಪ್ಪು ಮೀನಿನ ಮೇಲ್ಪದರದ ನೀರನ್ನು ಹೊರಗೆಳೆದದ್ದು ಅದು. ಆ ನೀರನ್ನು ಚೆಲ್ಲಿ, ತುಂಡನ್ನು ಒಣ ಹತ್ತಿಬಟ್ಟೆಯಿಂದ ಅಥವಾ ಕಾಗದದ ಕರವಸ್ತ್ರದಿಂದ ಒತ್ತಿ ಒತ್ತಿ ಒರೆಸಿ. ಬೆರಳಿಗೆ ತೇವ ಹತ್ತಬಾರದು.

ಹೆಚ್ಚಿನವರು ಈ ಹಂತವನ್ನೇ ಬಿಟ್ಟುಬಿಡುತ್ತಾರೆ, ಮಸಾಲೆ ಉದುರುವುದೂ ಇದರಿಂದಲೇ. ಒದ್ದೆ ಮೀನಿನ ಮೇಲೆ ಮಸಾಲೆ ಬಳಿದರೆ ಅದು ಹಿಡಿಯುವುದಿಲ್ಲ. ಅಷ್ಟೇ ಅಲ್ಲ, ಕಾವಲಿಯ ಶಾಖವೆಲ್ಲ ಮೊದಲು ಆ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ. ನೀರಿರುವ ತನಕ ಮೀನಿನ ಮೇಲ್ಮೈ 100 ಡಿಗ್ರಿ ಸೆಲ್ಸಿಯಸ್ ದಾಟುವುದಿಲ್ಲ. ನಮಗೆ ಬೇಕಾದ ಕಂದು ಬಣ್ಣ, ಹುರಿದ ಪರಿಮಳ ಚುರುಕಾಗಿ ಮೂಡುವುದು 140 ಡಿಗ್ರಿಯ ಆಸುಪಾಸಿನಲ್ಲಿ. ಪ್ರೋಟೀನು ಮತ್ತು ಸಕ್ಕರೆಯ ಅಂಶಗಳು ಶಾಖದಲ್ಲಿ ಸೇರಿ ನೂರಾರು ಹೊಸ ರುಚಿಗಳನ್ನು ಹುಟ್ಟಿಸುವ ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದವರು ಫ್ರಾನ್ಸಿನ ಲೂಯಿ ಕಮೀಲ್ ಮೇಯಾರ್. ಅವರ ಹೆಸರಿನಿಂದಲೇ ಅದಕ್ಕೆ ಮೇಯಾರ್ ಕ್ರಿಯೆ ಎನ್ನುತ್ತಾರೆ. ದೋಸೆಯ ಕೆಂಪಿನಲ್ಲೂ ಕಾಫಿ ಬೀಜದ ಪರಿಮಳದಲ್ಲೂ ಅದರದೇ ಕೈವಾಡ.

4. ಮಸಾಲೆ

ಮೇಲೆ ಹೇಳಿದ ಪುಡಿಗಳು, ಶುಂಠಿ ಬೆಳ್ಳುಳ್ಳಿ, ಉಳಿದ ಅರಿಸಿನ, ಅಕ್ಕಿ ಹಿಟ್ಟು, ಹುಣಸೆ ರಸ, ಒಂದು ಟೀ ಚಮಚ ತೆಂಗಿನೆಣ್ಣೆ, ಇಷ್ಟನ್ನೂ ಗಾಜಿನ ಅಥವಾ ಸ್ಟೀಲ್ ಬಟ್ಟಲಿನಲ್ಲಿ ಕಲಸಿ. ಹುಳಿ ಇರುವುದರಿಂದ ಅಲ್ಯೂಮಿನಿಯಂ ಪಾತ್ರೆ ಬೇಡ. ಮೀನಿಗೆ ಮೊದಲೇ ಉಪ್ಪು ಹಾಕಿದ್ದೀರಿ ಎಂಬುದು ನೆನಪಿರಲಿ, ಮಸಾಲೆಗೆ ಎರಡು ಚಿಟಿಕೆ ಸಾಕು. ಹದ ಹೇಗಿರಬೇಕೆಂದರೆ ಚಮಚ ಓರೆ ಮಾಡಿದರೆ ಜಾರಬಾರದು, ಬೆರಳಿನಿಂದ ಎಳೆದರೆ ಹರಡಬೇಕು. ತೆಳ್ಳಗಾದರೆ ಇನ್ನೊಂದು ಚಿಟಿಕೆ ಅಕ್ಕಿ ಹಿಟ್ಟು ಸೇರಿಸಿ.

ಬ್ಯಾಡಗಿ ಮೆಣಸನ್ನೇ ಏಕೆ ಹೇಳುತ್ತಿದ್ದೇನೆ ಎಂದರೆ ಅದರಲ್ಲಿ ಬಣ್ಣ ಹೆಚ್ಚು, ಖಾರ ಕಡಿಮೆ. ಎರಡು ಚಮಚ ಹಾಕಿದರೂ ನಾಲಿಗೆ ಉರಿಯುವುದಿಲ್ಲ, ಮೀನಿನ ರುಚಿ ಸಾಯುವುದಿಲ್ಲ. ಹೋಟೆಲಿನ ಆ ಕಡುಗೆಂಪು ಕೆಲವೆಡೆ ಕೃತಕ ಬಣ್ಣದಿಂದ ಬರುತ್ತದೆ. ನಿಮಗೆ ಅದರ ಅಗತ್ಯವಿಲ್ಲ.

ಬಿಡುವಿರುವ ಭಾನುವಾರ ಒಣಮೆಣಸು, ಕೊತ್ತಂಬರಿ, ಜೀರಿಗೆಯನ್ನು ಹುಣಸೆಯ ಜೊತೆ ಗಟ್ಟಿಯಾಗಿ ರುಬ್ಬಿಕೊಳ್ಳಿ, ರುಚಿ ಖಂಡಿತ ಒಂದು ಕೈ ಮೇಲು. ಕೆಲಸದ ದಿನ ಮಿಕ್ಸಿಯ ಕಿರುಚಾಟ ಬೇಡವೆಂಬುದು ನನ್ನ ಅಭಿಪ್ರಾಯ. ಬೆಳ್ಳುಳ್ಳಿಯನ್ನೂ ಕುಟ್ಟಾಣಿಯಲ್ಲಿ ಜಜ್ಜಿ. ದಿನವಿಡೀ ಬಾಯಿ ಮುಚ್ಚಿಕೊಂಡಿದ್ದವರಿಗೆ ಏನನ್ನಾದರೂ ನಾಲ್ಕು ಸಲ ಕುಟ್ಟುವುದರಲ್ಲಿ ಸುಖವಿದೆ.

ಮಸಾಲೆಯನ್ನು ತುಂಡಿನ ಎರಡೂ ಮುಖಕ್ಕೆ, ಚರ್ಮದ ಅಂಚಿಗೆ, ಹೊಟ್ಟೆಯ ಟೊಳ್ಳಿನ ಒಳಗೆ ಸವರಿ. ಪದರ ತೆಳುವಾಗಿರಲಿ. ಗೋಡೆಗೆ ಗಾರೆ ಮೆತ್ತಿದ ಹಾಗೆ ಬಳಿದರೆ ಹೊರಗೆ ಸೀದು ಒಳಗೆ ಹಸಿ ಮಸಾಲೆಯ ವಾಸನೆ ಉಳಿಯುತ್ತದೆ. ಇಪ್ಪತ್ತರಿಂದ ಮೂವತ್ತು ನಿಮಿಷ ಫ್ರಿಜ್ಜಿನಲ್ಲಿಡಿ. "ಬೆಳಗ್ಗೆಯೇ ಮಸಾಲೆ ಹಚ್ಚಿಟ್ಟರೆ ಚೆನ್ನಾಗಿ ಹಿಡಿಯುವುದಿಲ್ಲವೇ?" ಎಂದು ಕೇಳುವವರಿದ್ದಾರೆ. ಕೋಳಿಗೆ ಆ ಮಾತು ಸರಿ. ಮೀನಿನ ಮಾಂಸ ಹುಳಿಯಲ್ಲಿ ಬಹಳ ಹೊತ್ತು ಇದ್ದರೆ ಬಿರುಸಾಗಿ ಪುಡಿಪುಡಿಯಾಗುತ್ತದೆ. ಒಂದು ಗಂಟೆಯ ಮೇಲೆ ಇಡಬೇಡಿ.

5. ಆ ಇಪ್ಪತ್ತು ನಿಮಿಷದಲ್ಲಿ ಸಾರು

ನೆನೆದ ಪುನರ್ಪುಳಿಯನ್ನು ಕಿವುಚಿ, ಇನ್ನೆರಡು ಲೋಟ ನೀರು, ಸೀಳಿದ ಹಸಿಮೆಣಸು, ಅಡಿಕೆ ಗಾತ್ರದ ಬೆಲ್ಲ ಸೇರಿಸಿ ಸ್ಟೀಲ್ ಪಾತ್ರೆಯಲ್ಲಿ ಐದು ನಿಮಿಷ ಕುದಿಸಿ. ಉಪ್ಪನ್ನು ರುಚಿ ನೋಡಿದ ಮೇಲೆಯೇ ಹಾಕಿ. ಕೆಲವು ಕಡೆಯ ಕೋಕಂ ಉಪ್ಪು ಹಾಕಿಯೇ ಒಣಗಿಸಿದ್ದಾಗಿರುತ್ತದೆ, ಗೊತ್ತಿಲ್ಲದೆ ಇನ್ನೊಂದು ಚಮಚ ಸುರಿದರೆ ಸಾರು ಕುಡಿಯಲಾಗುವುದಿಲ್ಲ. ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನ ಒಗ್ಗರಣೆ ಕೊಟ್ಟು ಮುಚ್ಚಿಡಿ.

ಒಂದು ಈರುಳ್ಳಿಯನ್ನು ಬಳೆಯಾಗಿ ಕತ್ತರಿಸಿ, ನಿಂಬೆಹಣ್ಣು ಹೋಳು ಮಾಡಿ, ತಟ್ಟೆ, ಸಟ್ಟುಗ, ಜಾಲರಿ ಎಲ್ಲ ಕೈಗೆಟುಕುವಂತೆ ಜೋಡಿಸಿಕೊಳ್ಳಿ. ಹಲಗೆ, ಚಾಕು, ಮಸಾಲೆ ಬಟ್ಟಲುಗಳನ್ನು ಈಗಲೇ ತೊಳೆದುಬಿಡಿ. ಊಟವಾದ ಮೇಲೆ ಸಿಂಕಿನಲ್ಲಿ ಬೆಟ್ಟದಷ್ಟು ಪಾತ್ರೆ ಕಂಡರೆ ಗಳಿಸಿದ ಸಮಾಧಾನವೆಲ್ಲ ಅಲ್ಲೇ ಕರಗುತ್ತದೆ. ಇನ್ನೂ ಹೊತ್ತು ಉಳಿದರೆ ಕುರ್ಚಿ ಎಳೆದುಕೊಂಡು ಕುಳಿತುಕೊಳ್ಳಿ. ಒಲೆ ಹಚ್ಚುವ ಮೊದಲು ಬೇರೆ ಕೆಲಸ ಬಾಕಿ ಇರಬಾರದು.

6. ಕಾವಲಿ ಕಾಯಿಸುವುದು

ಕಿಟಕಿ ತೆರೆಯಿರಿ, ಎಕ್ಸಾಸ್ಟ್ ಫ್ಯಾನ್ ಹಾಕಿ. ಮೆಣಸಿನ ಘಾಟು ಎದ್ದರೆ ಇಡೀ ಮನೆ ಕೆಮ್ಮುತ್ತದೆ.

ಬೀಡಿನ ಕಾವಲಿಯನ್ನು ಮಧ್ಯಮ ಉರಿಯಲ್ಲಿ ನಾಲ್ಕೈದು ನಿಮಿಷ ಕಾಯಲು ಬಿಡಿ. ಒಂದು ಹನಿ ನೀರು ಚಿಮುಕಿಸಿದರೆ ಅದು ಹರಡಿ ಸುಮ್ಮನೆ ಆವಿಯಾದರೆ ಇನ್ನೂ ಕಾಯಬೇಕು. ಮುತ್ತಾಗಿ ಓಡಾಡಿ ಮಾಯವಾದರೆ ಸಾಕಷ್ಟು ಕಾದಿದೆ. ಆ ಹನಿ ಪೂರ್ತಿ ಆರಿದ ಮೇಲೆ ಎರಡು ಊಟದ ಚಮಚ ಎಣ್ಣೆ ಹಾಕಿ, ಅರ್ಧ ನಿಮಿಷ ಬಿಟ್ಟು ಕರಿಬೇವಿನ ಒಂದು ಎಲೆ ಹಾಕಿ. ಎಲೆ ಚಟಪಟ ಎಂದರೆ ಮೀನಿನ ಸರದಿ. ಎಣ್ಣೆಯಿಂದ ಹೊಗೆ ಏಳುತ್ತಿದ್ದರೆ ಕಾವು ಮಿತಿಮೀರಿದೆ. ಗಾಣದ ತೆಂಗಿನೆಣ್ಣೆ ಬೇಗ ಹೊಗೆಯಾಡುತ್ತದೆ. ಉರಿ ತಗ್ಗಿಸಿ ಒಂದು ನಿಮಿಷ ಕಾಯಿರಿ.

7. ಹುರಿಯುವುದು

ತುಂಡನ್ನು ಚಿರೋಟಿ ರವೆಯಲ್ಲಿ ಹೊರಳಿಸಿ, ಹೆಚ್ಚಾದದ್ದನ್ನು ಕೊಡವಿ. ರವೆಯನ್ನು ಕಾವಲಿಗೆ ಹಾಕುವ ಕ್ಷಣದಲ್ಲಷ್ಟೇ ಹಚ್ಚಬೇಕು. ಮೊದಲೇ ಹಚ್ಚಿಟ್ಟರೆ ಅದು ಮಸಾಲೆಯ ತೇವ ಹೀರಿ ಪೇಸ್ಟಾಗುತ್ತದೆ. ಹತ್ತಿರದ ಅಂಚನ್ನು ಮೊದಲು ಎಣ್ಣೆಗೆ ತಾಗಿಸಿ, ನಿಮ್ಮಿಂದ ಆಚೆಗೆ ಮಲಗಿಸಿ, ಸಿಡಿದರೂ ಎಣ್ಣೆ ಆ ಕಡೆ ಸಿಡಿಯಲಿ. ಎರಡು ತುಂಡಿನ ನಡುವೆ ಎರಡು ಬೆರಳಿನಷ್ಟು ಜಾಗವಿರಲಿ. ಕಾವಲಿ ಚಿಕ್ಕದಾದರೆ ಒಂದೊಂದಾಗಿಯೇ ಹುರಿಯಿರಿ. ಒತ್ತೊತ್ತಾಗಿ ಇಟ್ಟರೆ ಮೀನು ಹುರಿಯುವುದಿಲ್ಲ, ತನ್ನದೇ ಆವಿಯಲ್ಲಿ ಬೇಯುತ್ತದೆ.

ಈಗ ಕೈ ಕಟ್ಟಿ ನಿಲ್ಲಿ. ಮೂರೂವರೆಯಿಂದ ನಾಲ್ಕು ನಿಮಿಷ ಅದನ್ನು ಮುಟ್ಟಕೂಡದು, ಸರಿಸಕೂಡದು, ಸಟ್ಟುಗದಿಂದ ಒತ್ತಕೂಡದು. ಇಡೀ ಲೇಖನದಲ್ಲಿ ಕಷ್ಟದ ಕೆಲಸ ಇದೊಂದೇ. ಮುಟ್ಟದೆ ನೋಡುವುದಕ್ಕೆ, ಕೇಳುವುದಕ್ಕೆ ಬೇಕಾದಷ್ಟಿದೆ. ಮೊದಲ ಅರ್ಧ ನಿಮಿಷ ಸದ್ದು ಜೋರಾಗಿ, ಒದ್ದೆಯಾಗಿ ಇರುತ್ತದೆ. ಅದು ನೀರು ಹೋಗುತ್ತಿರುವ ಸದ್ದು. ಆಮೇಲೆ ನಿಧಾನಕ್ಕೆ ತಗ್ಗಿ ಸಣ್ಣಗೆ, ಒಣ ಚಿರಚಿರವಾಗುತ್ತದೆ. ತುಂಡಿನ ಪಕ್ಕವನ್ನು ಬಗ್ಗಿ ನೋಡಿ. ಮಸಾಲೆ ತೆಳುವಾದ ಕಡೆ ಪಾರದರ್ಶಕವಾಗಿದ್ದ ಮಾಂಸ ಕೆಳಗಿನಿಂದ ಬೆಳ್ಳಗಾಗುತ್ತ ಮೇಲೇರುವುದು ಕಾಣುತ್ತದೆ. ಆ ಬಿಳಿ ಗೆರೆ ಅರ್ಧ ದಪ್ಪವನ್ನು ದಾಟಿ, ಸದ್ದು ಒಣಗಿ, ರವೆಯ ಅಂಚು ಕೆಂಪಗಾದಾಗ ಸಟ್ಟುಗವನ್ನು ಒಂದು ಮೂಲೆಗೆ ತೂರಿಸಿ. ಹೊರಪದರ ಕೂಡಿಕೊಂಡಿದ್ದರೆ ಮೀನು ತಾನಾಗಿ ಎದ್ದು ಬರುತ್ತದೆ. ಹಿಡಿದುಕೊಂಡಿದೆ ಎಂದರೆ ಇನ್ನೂ ಆಗಿಲ್ಲ. ಎಳೆಯಬೇಡಿ, ಅರ್ಧ ನಿಮಿಷ ಬಿಡಿ.

ಒಂದೇ ಸಲ ಮಗುಚಿ. ಉಳಿದ ಎಣ್ಣೆಯನ್ನು ಅಂಚಿಗೆ ಬಿಟ್ಟು, ಕರಿಬೇವು ಹಾಕಿ, ಉರಿಯನ್ನು ಒಂಚೂರು ತಗ್ಗಿಸಿ ಮೂರು ನಿಮಿಷ. ಮುಚ್ಚಳ ಹಾಕಬೇಡಿ, ಆವಿ ಮತ್ತೆ ಮೇಲೆ ಬಿದ್ದು ಗರಿಗರಿ ಹೋಗುತ್ತದೆ. ಕೊನೆಯಲ್ಲಿ ಸಟ್ಟುಗ ಮತ್ತು ಚಮಚದ ನಡುವೆ ತುಂಡನ್ನು ಹಿಡಿದು ಚರ್ಮದ ಅಂಚನ್ನು ಅರ್ಧ ನಿಮಿಷ ಕಾವಲಿಗೆ ತಾಗಿಸಿ. ಹೋಟೆಲಿನಲ್ಲಿ ಇಷ್ಟು ವ್ಯವಧಾನ ಇರುವುದಿಲ್ಲ, ಮನೆಯ ಮೀನು ಗೆಲ್ಲುವುದು ಇಂಥ ಕಡೆ.

ಬೆಂದಿದೆಯೇ ಎಂದು ತಿಳಿಯಲು ಚಾಕುವಿನ ತುದಿಯನ್ನು ನಡುಮೂಳೆಯ ಪಕ್ಕಕ್ಕೆ ಇಳಿಸಿ ಸ್ವಲ್ಪ ಅಗಲಿಸಿ. ಮಾಂಸ ಪೂರ್ತಿ ಬೆಳ್ಳಗಾಗಿ ಮೂಳೆಯಿಂದ ಬಿಡಿಸಿಕೊಂಡರೆ ಆಯಿತು. ಗಾಜಿನಂತೆ ಹೊಳೆಯುತ್ತಿದ್ದರೆ ಇನ್ನೊಂದು ನಿಮಿಷ. ಅಡುಗೆಯ ಥರ್ಮಾಮೀಟರ್ ಇದ್ದವರು ಒಳಗಿನ ಬಿಸಿ 63 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆಯೇ ನೋಡಿಕೊಳ್ಳಬಹುದು. ಅಂಜಲಿನಲ್ಲಿ ಕೊಬ್ಬು ಕಡಿಮೆ, "ಇರಲಿ, ಇನ್ನೆರಡು ನಿಮಿಷ" ಎಂದರೆ ಒಣಗಿ ಗಂಟಲಿಗೆ ಹಿಡಿಯುತ್ತದೆ.

8. ಎರಡು ನಿಮಿಷ ತಡೆಯಿರಿ

ತೆಗೆದ ತುಂಡನ್ನು ಜಾಲರಿಯ ಮೇಲೆ ಇಡಿ. ಚಪ್ಪಟೆ ತಟ್ಟೆಗೆ ನೇರ ಹಾಕಿದರೆ ಅಡಿಭಾಗ ಬೆವರಿ ಮೆತ್ತಗಾಗುತ್ತದೆ. ಆ ಎರಡು ನಿಮಿಷದಲ್ಲಿ ಅನ್ನ ಬಡಿಸಿಕೊಂಡು ಸಾರು ಹಾಕಿಕೊಳ್ಳಿ. ನಿಂಬೆರಸ ತಿನ್ನುವಾಗಲೇ ಹಿಂಡಬೇಕು, ಬಿಸಿ ಕಾವಲಿಯ ಮೇಲೆ ಹಿಂಡಿದರೆ ರವೆ ಒದ್ದೆಯಾಗುತ್ತದೆ. ಟಿವಿ ಹಾಕದೆ ಕುಳಿತು ಉಣ್ಣಿ ಎಂದು ಹೇಳಬೇಕೆನಿಸುತ್ತದೆ, ಆದರೆ ಅದು ನಿಮ್ಮ ಮನೆ, ನಿಮ್ಮ ಸಂಜೆ. ಮೊಬೈಲ್ ಮಾತ್ರ ಆ ಕೋಣೆಯಲ್ಲೇ ಇರಲಿ.

ಆಗಾಗ ಕೇಳುವ ಉಳಿದ ಸಂದೇಹಗಳು

ಮೊದಲ ತುಂಡು ಚೆನ್ನಾಗಿ ಬಂದು ಎರಡನೆಯದು ಕಪ್ಪಾಗುವುದೇಕೆ? ಕಾವಲಿಯಲ್ಲಿ ಉದುರಿದ ರವೆ, ಮಸಾಲೆ ಸೀದು ಮುಂದಿನದಕ್ಕೆ ಅಂಟುತ್ತದೆ. ಉರಿ ಆರಿಸಿ, ಮಡಿಚಿದ ಬಟ್ಟೆಯನ್ನು ಇಕ್ಕಳದಲ್ಲಿ ಹಿಡಿದು ಒರೆಸಿ, ಹೊಸ ಎಣ್ಣೆ ಹಾಕಿ.

ಮಿಕ್ಕ ಮಸಾಲೆ ಇಟ್ಟುಕೊಳ್ಳಬಹುದೇ? ಹಸಿ ಮೀನು ಮುಟ್ಟಿದ ಕೈ ಅದರಲ್ಲಿ ಅದ್ದಿದ್ದರೆ ಚೆಲ್ಲಿ. ಬೇಕಿದ್ದರೆ ಮೊದಲೇ ಬೇರೆ ಬಟ್ಟಲಿಗೆ ತೆಗೆದಿಡಿ, ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಇರುತ್ತದೆ.

ಕಾವಲಿಯನ್ನು ಸಾಬೂನಿನಲ್ಲಿ ನೆನೆಹಾಕಬಹುದೇ? ಬೀಡಿನದಾದರೆ ಬೇಡ. ಹುಣಸೆಯ ಹುಳಿ ಅದರ ಎಣ್ಣೆಯ ಪದರವನ್ನು ತಿನ್ನುತ್ತದೆ, ನೀರು ತುಕ್ಕು ಹಿಡಿಸುತ್ತದೆ. ಇನ್ನೂ ಬೆಚ್ಚಗಿರುವಾಗಲೇ ಬಿಸಿನೀರು, ತೆಂಗಿನ ನಾರು ಹಾಕಿ ಉಜ್ಜಿ, ಒಲೆಯ ಮೇಲಿಟ್ಟು ಒಣಗಿಸಿ, ಒಂದು ಹನಿ ಎಣ್ಣೆ ಸವರಿಡಿ. ಮೀನಿನ ವಾಸನೆ ನಾಳೆಯ ದೋಸೆಗೆ ಬರುತ್ತದೆ ಎನ್ನುವವರು, ಅವರ ಮಾತೂ ನಿಜವೇ, ಮೀನಿಗೆಂದೇ ಹಳೆಯದೊಂದು ಕಾವಲಿ ಮೀಸಲಿಡಲಿ.

ಮೀನು ತಿನ್ನದವರು ಏನು ಮಾಡಬೇಕು? ಕರಾವಳಿಯಲ್ಲಿ ಇದೇ ಮಸಾಲೆ, ಇದೇ ರವೆಯಲ್ಲಿ ಜೀಗುಜ್ಜೆ, ಸುವರ್ಣಗೆಡ್ಡೆ, ಬಾಳೆಕಾಯಿಗಳನ್ನು ಹುರಿಯುತ್ತಾರೆ. ಜೀಗುಜ್ಜೆ ಎಂದರೆ ಹಲಸಿನ ಬಂಧುವಾದ ನೀರುಹಲಸು. ಸುವರ್ಣಗೆಡ್ಡೆಯನ್ನು ಒಂದು ಸೆಂಟಿಮೀಟರ್ ದಪ್ಪಕ್ಕೆ ಬಿಲ್ಲೆ ಮಾಡಿ, ಹುಣಸೆ, ಅರಿಸಿನ, ಉಪ್ಪು ಹಾಕಿದ ನೀರಿನಲ್ಲಿ ಮುಕ್ಕಾಲು ಪಾಲು ಬೇಯಿಸಿ, ಆರಿಸಿ, ಒರೆಸಿ, ನಾಲ್ಕನೆಯ ಹಂತದಿಂದ ಮುಂದುವರಿಯಿರಿ. ಹುಣಸೆ ಹಾಕದೆ ಬೇಯಿಸಿದರೆ ಗಂಟಲು ತುರಿಸಬಹುದು. ಜೀಗುಜ್ಜೆಗೆ ಆ ತೊಂದರೆಯಿಲ್ಲ. ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹೆಚ್ಚಿ ಹಸಿಯಾಗಿಯೇ ಮಸಾಲೆ ಹಚ್ಚಬಹುದು, ಸಣ್ಣ ಉರಿಯಲ್ಲಿ ಬದಿಗೆ ಐದಾರು ನಿಮಿಷ ಕೊಟ್ಟರಾಯಿತು.